ಕೈಗುಣವೋ, ನೀರಿನ ಗುಣವೋ?

ಗಿಡಗಳ ವಿಷಯದಲ್ಲಿ ನಮ್ಮ ಕಡೆ ಒಂದು ಮಾತಿದೆ. ಒಬ್ಬರು ನೆಟ್ಟ ಗಿಡ ಚೆನ್ನಾಗಿ ಬಂದರೆ ‘ಅವರ ಕೈಗುಣ ಒಳ್ಳೆಯದು’ ಎನ್ನುತ್ತಾರೆ. ಸೊರಗಿದರೆ ‘ಕೈಗುಣ ಸಾಲದು’ ಎನ್ನುತ್ತಾರೆ. ಈ ಕೈಗುಣದ ಮಾತನ್ನು ನಂಬಿಕೊಂಡು ನಾವು ಎರಡು ವರ್ಷ ಕಳೆದೆವು. ಆ ಎರಡು ವರ್ಷವೂ ಮನೆಯ ಮೂಲೆಯಲ್ಲಿದ್ದ ಒಂದು ಗಿಡ ನಮಗೆ ಏನೋ ಹೇಳುತ್ತಲೇ ಇತ್ತು, ನಾವು ಕೇಳಿಸಿಕೊಳ್ಳಲಿಲ್ಲ. ಮನೆಯೊಳಗೆ ಕುಂಡ ಇಟ್ಟುಕೊಂಡಿರುವ ಕುಟುಂಬಗಳಿಗೆ, ಮುಖ್ಯವಾಗಿ ಕೊಳವೆ ಬಾವಿಯ ನೀರನ್ನೇ ನಂಬಿದ ಊರುಗಳಲ್ಲಿ ವ್ಯಾಪಾರ ಮಾಡಿಕೊಂಡಿರುವವರಿಗೆ ಉಪಯೋಗವಾದೀತೆಂದು ಈ ಅನುಭವವನ್ನು ಬರೆಯುತ್ತಿದ್ದೇವೆ.

ನಮ್ಮದು ಧರ್ಮಪುರಿಯಲ್ಲಿ ಪಾತ್ರೆ ಅಂಗಡಿ. ಧರ್ಮಪುರಿ ಈಗ ತಮಿಳುನಾಡಿನ ಜಿಲ್ಲಾ ಕೇಂದ್ರವಾದರೂ ಕನ್ನಡಕ್ಕೆ ಹೊಸ ಊರಲ್ಲ. ಇದರ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದ ನೊಳಂಬರ ಕಾಲದ ಕನ್ನಡ ಶಾಸನದಲ್ಲಿ ಇಲ್ಲಿ ಕಟ್ಟಿಸಿದ ಬಸದಿಯ ಪ್ರಸ್ತಾಪವಿದೆ. ನಮ್ಮ ಅಜ್ಜನ ಕಾಲದಲ್ಲಿ ಮನೆ ಪಾಲಕ್ಕೋಡಿನಲ್ಲಿತ್ತು, ಹಿಂದೆ ದೊಡ್ಡ ಹಿತ್ತಿಲು, ಹಿತ್ತಿಲಲ್ಲಿ ಸೇದುವ ಬಾವಿ. ಕರಿಬೇವು, ಕನಕಾಂಬರ, ಬಚ್ಚಲ ನೀರು ಹರಿಯುವ ಕಡೆ ಎರಡು ಬಾಳೆ, ಇಷ್ಟೇ ಅವರ ತೋಟ. ಗಿಡವನ್ನು ಮನೆಯೊಳಗೆ ತಂದು ಇಟ್ಟುಕೊಳ್ಳುವುದೆಂದರೆ ಅವರು ನಕ್ಕುಬಿಡುತ್ತಿದ್ದರು.

ನಮ್ಮ ಕಾಲಕ್ಕೆ ಕೆಳಗೆ ಅಂಗಡಿ, ಮೇಲೆ ಮನೆ ಎಂದಾಯಿತು. ಹಿತ್ತಿಲು ಹೋಗಿ ಗೋದಾಮು ಬಂತು. ಅಂಗಡಿಯ ಹಿಂದೆ ಮೆಟ್ಟಿಲಿನ ಪಕ್ಕ ಕೊಳವೆ ಬಾವಿ. ಹಸಿರು ಎನ್ನುವುದು ಕಣ್ಣಿಗೆ ಬೀಳಬೇಕಾದರೆ ತರಕಾರಿ ಚೀಲವನ್ನೇ ನೋಡಬೇಕು. ಹೀಗಿರುವಾಗ 2008ರ ಮೇ ತಿಂಗಳಲ್ಲಿ ಮಕ್ಕಳಿಗೆ ರಜವೆಂದು ಸೇಲಂನ ಅಣ್ಣನ ಮನೆಗೆ ಹೋದೆವು. ಅವರ ಮನೆ ಶೆವ್ವಾಪೇಟೆಯಲ್ಲಿ. ಅಲ್ಲಿಂದ ಎಲ್ಲರೂ ಸೇರಿ ಏರ್ಕಾಡಿಗೆ ಹೊರಟೆವು. ಕೆಳಗೆ ಸೇಲಂನಲ್ಲಿ ಬೆಂಕಿಯಂಥ ಬಿಸಿಲು, ಇಪ್ಪತ್ತು ತಿರುವುಗಳನ್ನು ದಾಟಿ ಮೇಲೆ ಹೋದರೆ ತಣ್ಣನೆಯ ಗಾಳಿ, ಕಾಫಿ ತೋಟ, ದಾರಿಯುದ್ದಕ್ಕೂ ಗಿಡ ಮಾರುವವರು. ಅಲ್ಲೊಂದು ನರ್ಸರಿಯಲ್ಲಿ ನಾಲ್ಕಡಿ ಎತ್ತರದ ಒಂದು ಗಿಡ ಮನಸ್ಸಿಗೆ ಹಿಡಿಸಿತು. ಮುಸುಕಿನ ಜೋಳದ ಗರಿಯಂಥ ಅಗಲ ಎಲೆ, ನಡುವೆ ಹಳದಿ ಪಟ್ಟೆ. ‘ಡ್ರಸೀನಾ, ಆಫ್ರಿಕಾದ ಜಾತಿ, ನೆರಳಲ್ಲೇ ಬೆಳೆಯುತ್ತದೆ, ಬಿಸಿಲು ಬೇಡ’ ಎಂದ ನರ್ಸರಿಯವನು. ಅದು ನಿಜ. ಆಫ್ರಿಕಾದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆಯುವ ಗಿಡವಾದ್ದರಿಂದ ಮನೆಯೊಳಗಿನ ಮಂದ ಬೆಳಕೂ ಅದಕ್ಕೆ ಸಾಕಾಗುತ್ತದೆ.

ಘಟ್ಟ ಇಳಿಯುವಾಗ ಒಂದು ಅಚಾತುರ್ಯ ನಡೆಯಿತು. ಕಾರಿನ ಬಾಗಿಲಿಗೆ ಸಿಕ್ಕಿ ಗಿಡದ ತಲೆ ಮುರಿಯಿತು. ಮಕ್ಕಳು ಅಳುಮುಖ ಮಾಡಿದರು. ಅತ್ತಿಗೆ ಮುರಿದ ತಲೆಯನ್ನು ಎತ್ತಿಕೊಂಡು, ‘ಇದನ್ನ ಎಸೆಯೋದು ಬೇಡ, ನಾನು ಇಟ್ಕೋತೀನಿ’ ಎಂದರು. ಒಂದು ಗಾಜಿನ ಸೀಸೆಯಲ್ಲಿ ನೀರು ಹಾಕಿ ಅದನ್ನು ನಿಲ್ಲಿಸಿದರು. ಬೇರು ಸಮೇತ ಇದ್ದ ಕಾಂಡ ಕುಂಡದೊಂದಿಗೆ ತೊಪ್ಪೂರು ಘಾಟಿ ದಾಟಿ ನಮ್ಮ ಜೊತೆ ಧರ್ಮಪುರಿಗೆ ಬಂತು. ಒಳ್ಳೆಯ ಪಾಲು ನಮಗೇ ಬಂತೆಂದು ನಾವು ಒಳಗೊಳಗೇ ಸಂತೋಷಪಟ್ಟೆವು.

ಎರಡು ತಿಂಗಳಲ್ಲಿ ನಮ್ಮ ಕಾಂಡದಲ್ಲಿ ಎರಡು ಚಿಗುರು ಒಡೆದವು. ಸೇಲಂನಲ್ಲಿ ಅತ್ತಿಗೆಯ ಸೀಸೆಯಲ್ಲೂ ಬೇರು ಬಂದು ಅವರು ಕುಂಡಕ್ಕೆ ಬದಲಾಯಿಸಿದರು. ಒಂದೇ ಗಿಡದ ಎರಡು ಭಾಗ, ಎರಡು ಮನೆಯಲ್ಲಿ ಬೆಳೆಯತೊಡಗಿತು.

ದೀಪಾವಳಿಯ ಹೊತ್ತಿಗೆ ನಮ್ಮ ಗಿಡದ ಎಲೆಗಳ ತುದಿ ಕಂದಾಗತೊಡಗಿದವು. ಮೊದಲು ಸೂಜಿ ಮೊನೆಯಷ್ಟು, ಆಮೇಲೆ ಬೆರಳ ಉಗುರಿನಷ್ಟು, ಬೇಸಿಗೆಗೆ ಅರ್ಧ ಗೇಣು. ಒಣಗಿದ ಭಾಗಕ್ಕೂ ಹಸಿರಿಗೂ ನಡುವೆ ಹಳದಿಯ ಒಂದು ಗೆರೆ. ನೀರು ಸಾಲದೆಂದು ಹೆಚ್ಚು ನೀರು ಹಾಕಿದೆವು. ಬೆಳಕು ಸಾಲದೆಂದು ಕಿಟಕಿಯ ಬಳಿಗೆ ಸರಿಸಿದೆವು. ಗೊಬ್ಬರ ಸಾಲದೆಂದು ಪರಿಚಯದ ಗೊಬ್ಬರದಂಗಡಿಯಿಂದ ಸೂಪರ್ ಫಾಸ್ಫೇಟ್ ತಂದು ಒಂದು ಹಿಡಿ ಸುರಿದೆವು. ತುದಿ ಇನ್ನೂ ಬೇಗ ಒಣಗಿತು.

ಮನೆಯಲ್ಲಿ ಈ ಗಿಡದ ಮೇಲೆ ಎಲ್ಲರಿಗಿಂತ ಹೆಚ್ಚು ಅಕ್ಕರೆ ಇದ್ದದ್ದು ಅಮ್ಮನಿಗೆ. ಅಮ್ಮ ವ್ರತ ನಿಯಮದವರು. ಬಟ್ಟೆಯಲ್ಲಿ ಸೋಸದ ನೀರನ್ನು ಮುಟ್ಟುವವರಲ್ಲ. ಸೋಸಿ, ಕುದಿಸಿ, ಆರಿಸಿ, ಹೊತ್ತಿನ ಲೆಕ್ಕ ಇಟ್ಟೇ ಕುಡಿಯುವುದು. ಸಂಜೆ ಹೊತ್ತು ಮುಳುಗುವ ಮುಂಚೆ ತಪ್ಪಲೆಯಲ್ಲಿ ಉಳಿದ ಕಾಯಿಸಿದ ನೀರನ್ನು ಚೆಲ್ಲಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ‘ಈ ಏಕೇಂದ್ರಿಯ ಜೀವವಾದರೂ ಕುಡಿಯಲಿ’ ಎಂದು ಅದನ್ನು ಡ್ರಸೀನಾ ಕುಂಡಕ್ಕೆ ಹಾಕುತ್ತಿದ್ದರು. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ನೀರು ಬೇರೆ ಇಲ್ಲವೆಂದೇ ಅವರಂತೆ ನಾವೂ ತಿಳಿದಿದ್ದೆವು.

ಮಾರನೆಯ ವರ್ಷ ಸೇಲಂಗೆ ಹೋದಾಗ ಅತ್ತಿಗೆಯ ಗಿಡ ನೋಡಿ ಬೆರಗಾದೆವು. ಸೊಂಟದೆತ್ತರ ಬೆಳೆದಿತ್ತು. ಒಂದು ಎಲೆಯಲ್ಲಾದರೂ ಕಂದು ತುದಿ ಇಲ್ಲ. ‘ನಿಮ್ಮ ಕೈಗುಣ ಅತ್ತಿಗೆ’ ಎಂದೆವು. ಅತ್ತಿಗೆ ನಕ್ಕರು: ‘ನಾನೇನು ಮಾಡ್ತೀನಿ? ನಲ್ಲೀಲಿ ಬಂದ ನೀರು ಹಾಕ್ತೀನಿ. ಕೆಲವು ದಿನ ಅದೂ ಮರೆತುಹೋಗುತ್ತೆ.’ ಸೇಲಂನ ನಲ್ಲಿಯಲ್ಲಿ ಬರುವುದು ಮೆಟ್ಟೂರಿನ ಕಾವೇರಿ ನೀರು. ಆ ಮಾತನ್ನು ಅಲ್ಲಿಯೇ ಹಿಡಿದುಕೊಂಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ನಾವು ಕೈಗುಣ ಎಂದುಕೊಂಡು ಮನೆಗೆ ಬಂದೆವು.

ಈ ನಡುವೆ ಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ನಮ್ಮ ಮಗಳಿಗೆ ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬಂದಿದ್ದವು. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಹಚ್ಚಿದಂತೆ ಬಿಳಿ ಗೆರೆಗಳು. ಬರಬರುತ್ತ ಕೆಲವು ಕಡೆ ಹಳದಿಯಾಗಿ ಕಂದಾದವು. ‘ಸರಿಯಾಗಿ ಹಲ್ಲು ಉಜ್ಜುವುದಿಲ್ಲ’ ಎಂದು ದಿನಾ ಬೈಗುಳ. ರಾತ್ರಿ ಒಂದು ಸಲ, ಬೆಳಿಗ್ಗೆ ಒಂದು ಸಲ ಪಕ್ಕದಲ್ಲಿ ನಿಂತು ಉಜ್ಜಿಸಿದೆವು. ಕಲೆ ಹೋಗಲಿಲ್ಲ. ಶಾಲೆಯಲ್ಲಿ ಫೋಟೋ ತೆಗೆಯುವಾಗ ಮಗು ಬಾಯಿ ಮುಚ್ಚಿಕೊಳ್ಳಲು ಶುರುಮಾಡಿತು. ಅವಳ ತರಗತಿಯಲ್ಲಿ ಇನ್ನೂ ಹಲವು ಮಕ್ಕಳ ಹಲ್ಲು ಹಾಗೆಯೇ ಇದ್ದವು. ಊರಿನಲ್ಲಿ ಎಲ್ಲೆಲ್ಲೂ ಕಂಡದ್ದನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲವಷ್ಟೆ.

2010ರ ಬೇಸಿಗೆಯಲ್ಲಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಒಬ್ಬರು ಮಗಳ ಮದುವೆಗೆ ಪಾತ್ರೆ ಕೊಳ್ಳಲು ಅಂಗಡಿಗೆ ಬಂದರು. ಗೋದಾಮಿನಲ್ಲಿ ದೊಡ್ಡ ಅಂಡೆ ತೋರಿಸಲು ಒಳಗೆ ಕರೆದುಕೊಂಡು ಹೋದಾಗ ಮೆಟ್ಟಿಲ ಬಳಿ ಗಿಡ ಕಂಡು ನಿಂತರು. ಎಲೆಯ ತುದಿ ಹಿಡಿದು ನೋಡಿ, ‘ಮುದಲಾಳಿ, ಇದಕ್ಕೆ ಯಾವ ನೀರು ಹಾಕುತ್ತೀರಿ?’ ಎಂದು ಕೇಳಿದರು. ಕೊಳವೆ ಬಾವಿಯದು, ಅದೂ ಸೋಸಿ ಕಾಯಿಸಿದ್ದು ಎಂದು ಹೆಮ್ಮೆಯಿಂದಲೇ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ?’ ಎಂದರು. ಆ ಪ್ರಶ್ನೆ ಯಾಕೆಂದು ನಮಗೆ ಅರ್ಥವಾಗಲಿಲ್ಲ. ಮಗಳು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು. ‘ಎಲ್ಲಿ ಕಂದಾ, ಹಲ್ಲು ತೋರಿಸು’ ಎಂದರು.

ಅವರು ಅಂಡೆಯ ಬೆಲೆ ಕೇಳುವ ಮೊದಲು ನಮಗೆ ಅರ್ಧ ಗಂಟೆ ಪಾಠ ಹೇಳಿದರು. ಅದರ ಸಾರಾಂಶ ಇಷ್ಟು.

ಧರ್ಮಪುರಿ, ಸೇಲಂ ಕಡೆಯದು ಗಟ್ಟಿ ಬಂಡೆಯ ನೆಲ. ಈ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಎಂಬ ಲವಣ ಇರುತ್ತದೆ. ನೀರು ಬಂಡೆಯ ಸಂದಿಯಲ್ಲಿ ಎಷ್ಟು ಹೆಚ್ಚು ಕಾಲ ನಿಂತಿರುತ್ತದೋ ಅಷ್ಟು ಹೆಚ್ಚು ಲವಣ ಅದರಲ್ಲಿ ಕರಗುತ್ತದೆ. ಅಜ್ಜನ ಕಾಲದ ಸೇದುವ ಬಾವಿಯಲ್ಲಿ ಮಳೆಯ ಹೊಸ ನೀರು ಬಂದು ಸೇರುತ್ತಿತ್ತು. ಬಾವಿಗಳು ಬತ್ತಿ, ಕೊಳವೆ ಬಾವಿಗಳು ನೂರಾರು ಅಡಿ ಆಳಕ್ಕೆ ಹೋದಂತೆ ನಾವು ಕುಡಿಯುವುದು ಬಹು ಕಾಲ ಬಂಡೆಯಲ್ಲಿ ನಿಂತ ನೀರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಾಯಿಗೆ ರುಚಿ ವ್ಯತ್ಯಾಸವೂ ತಿಳಿಯುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದಿದೆ.

ಡ್ರಸೀನಾದಂಥ ಕೆಲವು ಗಿಡಗಳಿಗೆ ಅಷ್ಟೂ ಆಗದು. ಅಮೆರಿಕದ ಫ್ಲಾರಿಡಾದಲ್ಲಿ ಅಲಂಕಾರದ ಎಲೆಗಿಡಗಳನ್ನು ಬೆಳೆಸುವವರಿಗೆ ಇದೇ ತುದಿ ಒಣಗುವ ಕಾಟ ಬಂದು, ಅಲ್ಲಿನ ವಿಜ್ಞಾನಿಗಳು 1970ರ ದಶಕದಲ್ಲಿ ಪರೀಕ್ಷಿಸಿದಾಗ ಕಾರಣ ಫ್ಲೋರೈಡ್ ಎಂದು ತಿಳಿಯಿತು. ಬೇರು ಹೀರಿದ ನೀರು ಕಾಂಡದಲ್ಲಿ ಏರಿ ಎಲೆಯ ಅಂಚಿಗೂ ತುದಿಗೂ ಹೋಗಿ ಅಲ್ಲಿ ಆವಿಯಾಗುತ್ತದೆ. ನೀರು ಹೋಗುತ್ತದೆ, ಲವಣ ಉಳಿಯುತ್ತದೆ. ದಿನಕ್ಕಿಷ್ಟು ಸೇರಿ ಸೇರಿ ಕೊನೆಗೆ ತುದಿ ಸುಡುತ್ತದೆ. ಅತ್ತಿಗೆಯ ಗಿಡಕ್ಕೆ ಹೊಳೆಯ ನೀರು, ನಮ್ಮ ಗಿಡಕ್ಕೆ ಬಂಡೆಯ ನೀರು. ನಾವು ಸುರಿದ ಸೂಪರ್ ಫಾಸ್ಫೇಟಿನಲ್ಲಿಯೂ ಫ್ಲೋರೈಡ್ ಇರುತ್ತದಂತೆ. ಔಷಧವೆಂದು ವಿಷವನ್ನೇ ಹಾಕಿದ್ದೆವು.

ಮಕ್ಕಳ ಹಲ್ಲಿನ ಕಥೆಯೂ ಇದೇ. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ, ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಹೊರಪದರದಲ್ಲಿ ಈ ಕಲೆ ಮೂಡುತ್ತದೆ. ಅದು ಉಜ್ಜಿದರೆ ಹೋಗುವಂಥದಲ್ಲ. ವರ್ಷಗಟ್ಟಲೆ ಅತಿಯಾಗಿ ಹೋದರೆ ಮೂಳೆಯಲ್ಲಿ ಸೇರಿಕೊಂಡು ಕೀಲುಗಳು ಬಿಗಿಯುತ್ತವೆ. 1937ರಲ್ಲಿಯೇ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಈ ರೋಗವನ್ನು ಗುರುತಿಸಿ ಬರೆದಿದ್ದರು. ಅಲ್ಲಿನ ರೈತರು ಮನುಷ್ಯರಿಗಿಂತ ಮೊದಲು ತಮ್ಮ ಎತ್ತುಗಳು ನಡೆಯಲಾರದೆ ನಿಲ್ಲುವುದನ್ನು ಕಂಡಿದ್ದರೆಂದು ಹೇಳುತ್ತಾರೆ. ಅಲ್ಲಿ ಎತ್ತು ಹೇಳಿತು, ನಮ್ಮ ಮನೆಯಲ್ಲಿ ಗಿಡ ಹೇಳಿತು.

ಆದರೂ ಅವರು ಒಂದು ಎಚ್ಚರಿಕೆ ಕೊಟ್ಟರು. ಎಲೆಯ ತುದಿ ಒಣಗಿತೆಂದ ಮಾತ್ರಕ್ಕೆ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ತೀರ್ಮಾನಿಸಬಾರದು. ಗೊಬ್ಬರ ಹೆಚ್ಚಾದರೂ, ಒಣ ಗಾಳಿ ಬಡಿದರೂ, ಬೇರಿಗೆ ನೀರು ನಿಂತು ಕೊಳೆತರೂ ತುದಿ ಒಣಗಬಹುದು. ಗಿಡ ಅನುಮಾನ ಹುಟ್ಟಿಸುತ್ತದೆ, ಸಾಕ್ಷಿ ಹೇಳಬೇಕಾದದ್ದು ಪ್ರಯೋಗಾಲಯ. ತಮಿಳುನಾಡಿನ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯವರು ಜಿಲ್ಲೆಗಳಲ್ಲಿ ನೀರಿನ ಪರೀಕ್ಷೆ ಮಾಡಿಕೊಡುತ್ತಾರೆ. ಒಂದು ಸೀಸೆಯಲ್ಲಿ ನಮ್ಮ ಕೊಳವೆ ಬಾವಿಯ ನೀರು ಕೊಟ್ಟು ಬಂದೆವು. ವರದಿ ಬಂದಾಗ ಅಂಕಿ 2ರ ಮೇಲಿತ್ತು.

ಆ ದಿನ ಅಮ್ಮ ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ. ‘ನಾವು ಸೋಸಿ ಕಾಯಿಸಿಯೇ ಕೊಟ್ಟೆವಲ್ಲಪ್ಪ?’ ಇದನ್ನು ನಮ್ಮ ಸಮಾಜದ ಪ್ರತಿ ಮನೆಯವರೂ ಸರಿಯಾಗಿ ತಿಳಿದುಕೊಳ್ಳಬೇಕು. ಸೋಸುವುದು, ಕಾಯಿಸುವುದು ಎರಡೂ ಒಳ್ಳೆಯ ಆಚಾರಗಳೇ. ಸೂಕ್ಷ್ಮ ಜೀವಿಗಳ ರಕ್ಷಣೆಗೂ ನಮ್ಮ ಆರೋಗ್ಯಕ್ಕೂ ಅವು ಬೇಕು. ಆದರೆ ಬಟ್ಟೆ ಜೀವವನ್ನು ತಡೆಯುತ್ತದೆ, ನೀರಿನಲ್ಲಿ ಕರಗಿದ ಲವಣವನ್ನು ತಡೆಯಲಾರದು. ಕುದಿಸಿದರೆ ಫ್ಲೋರೈಡ್ ಆವಿಯಾಗಿ ಹೋಗುವುದೂ ಇಲ್ಲ. ನಾಲ್ಕು ಸೇರು ನೀರು ಕುದಿದು ಮೂರು ಸೇರಾದರೆ ನಾಲ್ಕು ಸೇರಿನ ಫ್ಲೋರೈಡೂ ಆ ಮೂರು ಸೇರಿನಲ್ಲಿಯೇ ಇರುತ್ತದೆ. ವ್ಯಾಪಾರಿಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಶುದ್ಧವೆಂದು ಅಮ್ಮ ಗಿಡಕ್ಕೂ ಮೊಮ್ಮಗಳಿಗೂ ಕೊಟ್ಟ ನೀರು, ಈ ಒಂದು ವಿಷಯದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ನೀರಾಗಿತ್ತು. ಅಮ್ಮನದು ತಪ್ಪೆಂದು ಯಾರೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಅವರು ಮಾತ್ರ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ‘ನಿನ್ನ ಬೈದೆನಲ್ಲ ಮಗಳೇ’ ಎಂದು ಅವಳ ಗಲ್ಲ ಸವರಿದರು. ನಾವಿಬ್ಬರೂ ಅಷ್ಟನ್ನೂ ಬಾಯಿಬಿಟ್ಟು ಹೇಳಲಾರದೆ ಹೋದೆವು.

ಇನ್ನೊಂದು ವಿಷಯ ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ನಮ್ಮ ಅಂಗಡಿಯಲ್ಲಿ ಸ್ಟೀಲಿನ ಕ್ಯಾಂಡಲ್ ಫಿಲ್ಟರ್‌ಗಳನ್ನು ವರ್ಷಗಳಿಂದ ಮಾರುತ್ತಿದ್ದೆವು. ಪೆನ್ನಾಗರಂ, ಪಾಲಕ್ಕೋಡು, ಕಾರಿಮಂಗಲ ಕಡೆಯ ಹಳ್ಳಿಗಳಿಂದ ಗಿರಾಕಿಗಳು ಬರುತ್ತಿದ್ದರು. ‘ಇದರಲ್ಲಿ ಸೋಸಿದರೆ ನೀರಿನ ಚಿಂತೆಯೇ ಬೇಡ’ ಎಂದು ಹೇಳಿ ಕೊಡುತ್ತಿದ್ದೆವು. ಕ್ಯಾಂಡಲ್ ಕೆಸರನ್ನು, ಕ್ರಿಮಿಯನ್ನು ತಡೆಯುತ್ತದೆ, ಫ್ಲೋರೈಡನ್ನು ತಡೆಯುವುದಿಲ್ಲ. ವರದಿ ಕೈಗೆ ಬಂದ ಮೇಲೂ ನಾವು ಸುಮಾರು ಒಂದು ತಿಂಗಳು ಏನೂ ಹೇಳದೆ ಮಾರಿದೆವು. ಗೋದಾಮಿನಲ್ಲಿ ದಾಸ್ತಾನು ಇತ್ತು. ಒಂದು ದಿನ ಅಮ್ಮ ಅಂಗಡಿಯಲ್ಲಿ ಕೂತಿದ್ದಾಗ ಮಗುವನ್ನು ಎತ್ತಿಕೊಂಡು ಬಂದ ಒಬ್ಬ ಹೆಂಗಸಿಗೆ ಹಳೆಯ ಮಾತನ್ನೇ ಹೇಳಿ ಫಿಲ್ಟರ್ ಕೊಟ್ಟೆವು. ಆಕೆ ಹೋದ ಮೇಲೆ ಅಮ್ಮ ಕೇಳಿದರು: ‘ತೂಕದಲ್ಲಿ ಕಡಿಮೆ ಕೊಟ್ಟರೆ ಪಾಪ ಅಂತ ನಿಮ್ಮಪ್ಪ ಹೇಳ್ತಿದ್ದರು. ಮಾತಿನಲ್ಲಿ ಕಡಿಮೆ ಕೊಟ್ಟರೆ?’

ಮಾರನೆಯ ದಿನದಿಂದ ಫಿಲ್ಟರ್ ಕೇಳಿದವರಿಗೆ ಅದು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂದು ಹೇಳಿ, ನೀರಿನ ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ತಮಿಳಿನಲ್ಲಿ ಒಂದು ಚೀಟಿ ಬರೆದು ಕೊಡತೊಡಗಿದೆವು. ಕೆಲವರು ಕೊಳ್ಳದೆ ಹೋದರು. ಕೆಲವರು ಪಕ್ಕದ ಬೀದಿಯಲ್ಲಿ ಕೊಂಡರು. ಆ ವರ್ಷ ಫಿಲ್ಟರ್‌ನ ವ್ಯಾಪಾರ ಬಿದ್ದುಹೋಯಿತು. ಅಂಗಡಿ ಬಿದ್ದುಹೋಗಲಿಲ್ಲ.

ಮನೆಗೆ ಮೊದಲು ಆರ್.ಓ. ಯಂತ್ರ ಹಾಕಿಸಿದೆವು. ಅದು ಫ್ಲೋರೈಡನ್ನು ತೆಗೆಯುತ್ತದೆ. ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ ಬೇಳೆ ಬೇಯಿಸುವುದಕ್ಕೂ ಅದೇ ನೀರು ಬೇಕು, ಏಕೆಂದರೆ ಬೇಯಿಸುವಾಗ ಇಂಗುವ ನೀರಿನ ಲವಣವೆಲ್ಲ ಅನ್ನದಲ್ಲೇ ಉಳಿಯುತ್ತದೆ. ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಇನ್ನೂ ಹೆಚ್ಚಿರುತ್ತದೆ. ಅದನ್ನು ನೆಲ ಒರೆಸಲು, ಬಚ್ಚಲಿಗೆ ಉಪಯೋಗಿಸುತ್ತೇವೆ. ಪೋಲಾಗಬಾರದೆಂದು ಕುಂಡಕ್ಕೆ ಹಾಕುವ ತಪ್ಪನ್ನು ಯಾರೂ ಮಾಡಬೇಡಿ.

ಆಮೇಲೆ ಹೊಗೆನಕಲ್ ನೀರು ಬಂತು. ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಫ್ಲೋರೈಡ್ ತೊಂದರೆಗೆ ಪರಿಹಾರವೆಂದು ಜಪಾನಿನ ಸಾಲದ ನೆರವಿನಿಂದ ಕೈಗೊಂಡ ಈ ಕುಡಿಯುವ ನೀರಿನ ಯೋಜನೆ 2013ರಲ್ಲಿ ಆರಂಭವಾಯಿತು. 2008ರಲ್ಲಿ, ನಾವು ಆ ಗಿಡ ತಂದ ವರ್ಷವೇ, ಇದರ ಬಗ್ಗೆ ಗಡಿಯ ಎರಡೂ ಕಡೆ ದೊಡ್ಡ ಗಲಾಟೆಯಾಗಿತ್ತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ನಮ್ಮಂಥವರು ಆ ದಿನಗಳಲ್ಲಿ ಬಾಯಿ ಮುಚ್ಚಿಕೊಂಡು ಇದ್ದೆವು. ನೀರಿನ ಹಂಚಿಕೆಯ ನ್ಯಾಯವನ್ನು ಬಲ್ಲವರು ಹೇಳಲಿ. ಶಾಲೆಯ ಸಾಲಿನಲ್ಲಿ ನಿಂತ ಮಕ್ಕಳ ಹಲ್ಲು ನೋಡಿದ ಮೇಲೆ, ಈ ನೀರು ಯಾರಿಗೆ ಬೇಕಾಗಿತ್ತೆಂಬುದು ನಮಗೆ ತಿಳಿಯಿತು.

ಇನ್ನು ಗಿಡದ ವಿಚಾರ. ಪಾಠ ಕಲಿತ ಮೇಲೆ ನಾವು ಮಾಡಿದ್ದು ಹೀಗೆ. ಹಳೆಯ ಮಣ್ಣನ್ನು ಪೂರ್ತಿ ತೆಗೆದು ಹೊಸ ಮಣ್ಣಿಗೆ ಬದಲಾಯಿಸಿದೆವು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಸ್ವಲ್ಪ ಮರಳು, ಜೊತೆಗೆ ಒಂದೆರಡು ಚಮಚ ಸುಣ್ಣದ ಕಲ್ಲಿನ ಪುಡಿ. ಹುಳಿ ಮಣ್ಣಿನಲ್ಲಿ ಗಿಡ ಫ್ಲೋರೈಡನ್ನು ಹೆಚ್ಚು ಹೀರುತ್ತದೆ, ಸುಣ್ಣ ಅದನ್ನು ತಗ್ಗಿಸುತ್ತದೆ. ಸೂಪರ್ ಫಾಸ್ಫೇಟನ್ನು ಈ ಜಾತಿಯ ಗಿಡಗಳಿಗೆ ಮತ್ತೆ ಮುಟ್ಟಿಸಲಿಲ್ಲ. ನೀರನ್ನು ಒಂದು ರಾತ್ರಿ ತೆರೆದಿಟ್ಟು ಹಾಕಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದರಿಂದ ಕ್ಲೋರಿನ್ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಗಿಡಕ್ಕೆ ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. 2003ರಲ್ಲಿ ತಮಿಳುನಾಡು ಸರ್ಕಾರ ಎಲ್ಲ ಕಟ್ಟಡಗಳಿಗೂ ಮಳೆ ನೀರಿನ ಸಂಗ್ರಹ ಕಡ್ಡಾಯ ಮಾಡಿದಾಗ ನಾವೂ ಕಾಟಾಚಾರಕ್ಕೆ ತಾರಸಿಯಿಂದ ಒಂದು ಕೊಳವೆ ಇಳಿಸಿದ್ದೆವು. ಅದರ ಬಾಯಿಗೆ ಒಂದು ಡ್ರಮ್ ಇಟ್ಟೆವು.

ಡ್ರಮ್ ಇಟ್ಟ ಮೇಲೆ ಇನ್ನೊಂದು ಜವಾಬ್ದಾರಿ ಬಂತು. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. 2017ರಲ್ಲಿ ತಮಿಳುನಾಡಿನಲ್ಲಿ 20 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗ್ಯೂ ಬಂದಿತ್ತು, ಸೇಲಂ ಜಿಲ್ಲೆಗೂ ಜೋರಾಗಿ ತಟ್ಟಿತ್ತು. ಮನೆ ಮನೆಗೆ ಬಂದ ಆರೋಗ್ಯ ಕಾರ್ಯಕರ್ತರು ಮೊದಲು ನೋಡುತ್ತಿದ್ದದ್ದು ಹೂಕುಂಡದ ಕೆಳಗಿನ ತಟ್ಟೆಯನ್ನು, ಮನಿ ಪ್ಲಾಂಟ್ ಇಟ್ಟ ಸೀಸೆಯನ್ನು. ಹುಳುವಾದ ಮೇಲೆ ಔಷಧ ಹಾಕಿ ಕೊಲ್ಲಬೇಕು, ಕೊಲ್ಲದಿದ್ದರೆ ಮಗುವಿಗೆ ಜ್ವರ. ನಮ್ಮಂಥವರಿಗೆ ಇದು ಧರ್ಮಸಂಕಟ. ಆ ಸಂಕಟಕ್ಕೇ ಎಡೆ ಕೊಡಬಾರದೆಂದು ಅಮ್ಮ ಡ್ರಮ್ಮಿನ ಬಾಯಿಗೆ ದಪ್ಪ ಬಟ್ಟೆ ಬಿಗಿದರು. ಸೀಸೆಯ ನೀರನ್ನು ವಾರಕ್ಕೆ ಎರಡು ಸಲ ಬದಲಿಸಿ, ಒಳಗಿನ ಗೋಡೆ ಉಜ್ಜಿ ತೊಳೆಯುತ್ತೇವೆ, ಏಕೆಂದರೆ ಡೆಂಗ್ಯೂ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ತಟ್ಟೆಯಲ್ಲಿ ಇಳಿದ ನೀರನ್ನು ಅಂದೇ ಚೆಲ್ಲುತ್ತೇವೆ. ಜೀವ ಹುಟ್ಟಲು ಬಿಟ್ಟು ಆಮೇಲೆ ಕೊಲ್ಲಬೇಕೆ ಎಂದು ಚರ್ಚಿಸುವುದಕ್ಕಿಂತ ಮೊದಲೇ ಎಚ್ಚರ ವಹಿಸುವುದು ಮೇಲು.

ಉಳಿದದ್ದು ಸಾಮಾನ್ಯ ಆರೈಕೆ. ಬೆರಳನ್ನು ಮಣ್ಣಿಗೆ ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಕುಂಡದ ತಳದಲ್ಲಿ ತೂತು ಇರಲೇಬೇಕು. ನಮ್ಮಲ್ಲಿ ಮಾರಾಟವಾಗದ ಹಿತ್ತಾಳೆ ಹಂಡೆಯಲ್ಲಿ ಅಂದಕ್ಕೆಂದು ಒಂದು ಗಿಡ ನೆಟ್ಟು, ತೂತಿಲ್ಲದೆ ಬೇರು ಕೊಳೆಸಿದ್ದೂ ಆಗಿದೆ. ಪೂರ್ವದ ಕಿಟಕಿಯ ಪಕ್ಕದ ಬೆಳಕು ಸಾಕು, ಮಧ್ಯಾಹ್ನದ ಬಿಸಿಲು ನೇರ ಬೀಳಬಾರದು. ಅಂಗಡಿ ಬೀದಿಯ ಧೂಳು ಎಲೆಯ ಮೇಲೆ ಕೂರುವುದರಿಂದ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಮೃದುವಾಗಿ ಒರೆಸಬೇಕು. ಹೀಗೆ ಒರೆಸುತ್ತಿದ್ದರೆ ಹಿಟ್ಟು ತಿಗಣೆ ಮನೆ ಮಾಡುವುದೂ ಕಡಿಮೆ. ಒಣಗಿದ ತುದಿಯನ್ನು ಕತ್ತರಿಯಿಂದ ಎಲೆಯ ಆಕಾರಕ್ಕೇ ಓರೆಯಾಗಿ ಕತ್ತರಿಸಬಹುದು. ಹಸಿರಿಗೆ ತಾಗದಂತೆ ಒಂದು ಎಳೆ ಕಂದು ಬಿಡಬೇಕು. ಡ್ರಸೀನಾ ಎಲೆ ನಾಯಿ ಬೆಕ್ಕುಗಳಿಗೆ ಒಳ್ಳೆಯದಲ್ಲ, ಅವು ಕಚ್ಚದಂತೆ ಇಡಬೇಕು. ಡ್ರಸೀನಾದಂತೆಯೇ ಸ್ಪೈಡರ್ ಪ್ಲಾಂಟ್ ಎನ್ನುವ ಹುಲ್ಲಿನಂಥ ಗಿಡವೂ ಫ್ಲೋರೈಡಿಗೆ ಸೂಕ್ಷ್ಮ. ಮನಿ ಪ್ಲಾಂಟ್ ಅಷ್ಟು ಸೂಕ್ಷ್ಮವಲ್ಲ, ಹಾಗಾಗಿ ಅದು ಚೆನ್ನಾಗಿದೆಯೆಂದು ನೀರು ಚೆನ್ನಾಗಿದೆಯೆಂದು ನಂಬಿ ಕೂರಬಾರದು.

ನೀರು ಬದಲಾದ ಮೇಲೆ ಬಂದ ಹೊಸ ಎಲೆಗಳು ಕೊನೆಯವರೆಗೂ ಹಸಿರಾಗಿದ್ದವು. ಹಳೆಯ ಎಲೆಗಳ ಕಲೆ ಮಾತ್ರ ಹೋಗಲಿಲ್ಲ. ಅವು ಒಂದೊಂದಾಗಿ ಉದುರಿದವು. ಈಗ ಆ ಗಿಡ ಮೆಟ್ಟಿಲ ತಿರುವಿನವರೆಗೆ ಬೆಳೆದಿದೆ.

ಮನುಷ್ಯರ ಹಲ್ಲು ಎಲೆಯಂತೆ ಉದುರಿ ಮತ್ತೆ ಬರುವುದಿಲ್ಲ. ಮಗಳ ಹಲ್ಲಿನ ಕಲೆ ಹಾಗೆಯೇ ಇದೆ. ಅವಳೀಗ ಕಾಲೇಜು ಮುಗಿಸಿದ್ದಾಳೆ. ದಂತವೈದ್ಯರಲ್ಲಿ ಕಲೆ ಮುಚ್ಚಿಸಿಕೊಳ್ಳಬಹುದೆಂದು ಹೇಳಿದರೆ ‘ಬೇಡಪ್ಪ’ ಎನ್ನುತ್ತಾಳೆ. ಆದರೂ ಜೋರಾಗಿ ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಅವಳ ತಮ್ಮ ಹುಟ್ಟಿದ್ದು 2009ರಲ್ಲಿ. ಅವನು ಅನ್ನ ನೀರು ಹಿಡಿಯುವ ಹೊತ್ತಿಗೆ ಮನೆಯ ನೀರು ಬದಲಾಗಿತ್ತು. ಅವನಿಗೆ ಏಳು ವರ್ಷವಾಗಿ ಮುಂದಿನ ಹಲ್ಲು ಬಂದಾಗ ಅಮ್ಮ ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋಗಿ, ಅವನ ತುಟಿ ಎತ್ತಿ ಬಹಳ ಹೊತ್ತು ನೋಡಿದರು. ಒಂದು ಗೆರೆಯೂ ಇರಲಿಲ್ಲ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ಕಡೆಗಳಲ್ಲಿಯೂ ಇದೇ ನೀರಿನ ತೊಂದರೆ ಇದೆ. ಅಲ್ಲಿ ನಮ್ಮ ಬಂಧುಗಳ ಅಂಗಡಿಗಳಿವೆ, ಮನೆಗಳಿವೆ, ಹಜಾರದಲ್ಲಿ ಕುಂಡಗಳಿವೆ. ಎಲೆಯ ತುದಿ ಒಣಗಿದ್ದು ಕಂಡರೆ ಕೈಗುಣ ಎಂದು ಬಿಟ್ಟುಬಿಡಬೇಡಿ. ಒಂದು ಸೀಸೆ ನೀರನ್ನು ಪರೀಕ್ಷೆಗೆ ಕೊಟ್ಟು ಬನ್ನಿ. ಎಲ್ಲ ಸರಿಯಾಗಿದ್ದರೆ ಗೊಬ್ಬರವನ್ನೋ ಜಾಗವನ್ನೋ ಬದಲಿಸಿದರಾಯಿತು. ಸರಿಯಿಲ್ಲದಿದ್ದರೆ ಗಿಡಕ್ಕಿಂತ ಮೊದಲು ಮಗುವಿನ ಲೋಟದ ನೀರನ್ನು ಬದಲಾಯಿಸಿ. ನಾವು ಎರಡು ವರ್ಷ ತಡಮಾಡಿದೆವು.